ಕರಿಮಣಿಯಲ್ಲಿ ಪೋಣಿಸಿದ ಹಸಿರು ಹುಳ

ತಾಯಿತ, ಯಂತ್ರ, ದೃಷ್ಟಿದಾರ ಇವನ್ನೆಲ್ಲ ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ನಾನು ನರ್ಸ್ ಕೆಲಸ ಮಾಡಿದವಳು. ಜ್ವರ ಬಂದ ಮಗುವಿನ ಸೊಂಟಕ್ಕೆ ಯಂತ್ರ ಕಟ್ಟಿ, ಫಿಟ್ಸ್ ಬರುವವರೆಗೆ ಮನೆಯಲ್ಲೇ ಇಟ್ಟುಕೊಂಡು ಆಮೇಲೆ ಆಸ್ಪತ್ರೆಗೆ ಓಡಿ ಬಂದವರನ್ನು ನೋಡಿದ್ದೇನೆ. ಅಂಥ ದಾರಗಳನ್ನು ನನ್ನ ಕೈಯಾರೆ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದ್ದೇನೆ, ಅಜ್ಜಿಯರಿಂದ ಬೈಗುಳವನ್ನೂ ತಿಂದಿದ್ದೇನೆ. ಆದ್ದರಿಂದ ಈಗ ಬರೆಯಲು ಹೊರಟಿರುವುದನ್ನು ಓದಿ, ಕೊನೆಗೂ ಈಕೆ ದಾರಿಗೆ ಬಂದಳು ಎಂದು ಯಾರೂ ಖುಷಿಪಡಬೇಕಾಗಿಲ್ಲ. ನಾನು ದಾರಿಗೆ ಬಂದಿಲ್ಲ. ಆದರೆ ನಡೆದದ್ದು ನಡೆದಿದೆ. ನಂಬಿಕೆ ಇಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಮುಚ್ಚಿಟ್ಟುಕೊಳ್ಳುವುದು ಹೇಡಿತನ ಎಂದು ಈಚೆಗೆ ಅನಿಸತೊಡಗಿದೆ.

ಸಾವಿರದ ಒಂಬೈನೂರ ತೊಂಬತ್ತರಲ್ಲಿ ನಾನು ಕುವೈತಿನಲ್ಲಿದ್ದೆ. ಶರ್ಕ್‌ನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೆಲಸ, ರುಮೈಥಿಯಾದಲ್ಲಿ ವಾಸ. ಆ ಬೇಸಿಗೆಯಲ್ಲಿ ನನ್ನ ಗಂಡ ಮಗಳನ್ನು ಕರೆದುಕೊಂಡು ರಜೆಗೆ ಉಡುಪಿಗೆ ಹೋಗಿದ್ದರು. ನನಗೆ ರಜೆ ಸಿಕ್ಕಿರಲಿಲ್ಲ. ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಎದ್ದು ನೋಡಿದರೆ ಬೀದಿಯಲ್ಲಿ ಇರಾಕಿನ ಟ್ಯಾಂಕುಗಳು ನಿಂತಿದ್ದವು. ಫೋನು ಸತ್ತಿತ್ತು. ಮುಂದಿನ ಕೆಲವು ತಿಂಗಳು ನಾನು ಬದುಕಿದ್ದೇನೆ ಎಂಬ ಸುದ್ದಿ ಊರಿಗೆ ಮುಟ್ಟಿದ್ದು ಅವರಿವರ ಬಾಯಿಯಿಂದ.

ನಾವಿದ್ದ ಮನೆ ಬದ್ರಿಯಾ ಎಂಬ ಕುವೈತಿ ಹೆಂಗಸಿನದು. ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್, ಹೆಚ್ಚುಕಡಿಮೆ ನನ್ನದೇ ವಯಸ್ಸು. ಅವಳ ಮನೆಯವರೆಲ್ಲ ಬೇಸಿಗೆಗೆ ಹೊರದೇಶಕ್ಕೆ ಹೋಗಿ ಅಲ್ಲೇ ಸಿಕ್ಕಿಬಿದ್ದಿದ್ದರು, ಮಹಡಿಯ ಮೇಲೆ ಅವಳೊಬ್ಬಳೇ. ಕೆಳಗಿನ ಕೋಣೆಗಳು ನಮಗೆ ಬಾಡಿಗೆಗೆ. ಒಂದರಲ್ಲಿ ನಾನು, ಪಕ್ಕದಲ್ಲಿ ನಮ್ಮೂರಿನ ಜಲಜಕ್ಕ ಮತ್ತು ಹೋಟೆಲಿನಲ್ಲಿ ಅಡುಗೆಯವರಾಗಿದ್ದ ಅವರ ಗಂಡ, ಹಿತ್ತಿಲಿನ ಕಡೆಯ ಕೋಣೆಯಲ್ಲಿ ಬದ್ರಿಯಾಳ ಶಾಲೆಯಲ್ಲೇ ಇತಿಹಾಸ ಕಲಿಸುತ್ತಿದ್ದ ಈಜಿಪ್ಟಿನ ಟೀಚರ್. ಅವರ ಹೆಸರು ನಗ್ವಾ. ಶಾಲೆಯ ಮಕ್ಕಳು ಟೀಚರನ್ನು ಕರೆಯುವ ಹಾಗೆ ನಾವೂ ಅವರನ್ನು ಅಬ್ಲಾ ನಗ್ವಾ ಎನ್ನುತ್ತಿದ್ದೆವು. ಐವತ್ತು ದಾಟಿದ ದಪ್ಪ ಹೆಂಗಸು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ನಕ್ಕರೆ ಇಡೀ ಮನೆಗೆ ಕೇಳುತ್ತಿತ್ತು.

ಬದ್ರಿಯಾ ಸುಮ್ಮನೆ ಕೂರುವ ಜಾತಿಯವಳಲ್ಲ. ಆಕ್ರಮಣವಾದ ಕೆಲವೇ ದಿನಗಳಲ್ಲಿ ಹೆಂಗಸರೆಲ್ಲ ಸೇರಿ ಬೀದಿಗಿಳಿದು ಘೋಷಣೆ ಕೂಗಿದರು, ಇವಳು ಮುಂದಿನ ಸಾಲಿನಲ್ಲಿದ್ದಳು. ಸೈನಿಕರು ಗುಂಡು ಹಾರಿಸಿದರು. ಒಂದು ಗುಂಡು ಇವಳ ಭುಜವನ್ನು ಸೀಳಿಕೊಂಡು ಹೋಯಿತು. ಆಸ್ಪತ್ರೆಗೆ ಹೋದರೆ ಹಿಡಿದುಕೊಂಡು ಹೋಗುತ್ತಾರೆ. ಆದ್ದರಿಂದ ಛಾವಣಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ಇದ್ದ ಸಾಮಾನಿನ ಕೋಣೆಯಲ್ಲಿ ಹಾಸಿಗೆ ಹಾಕಿ ಅವಳನ್ನು ಮಲಗಿಸಿದೆವು. ಕ್ಲಿನಿಕ್ಕಿನಿಂದ ಗಾಜ್, ಔಷಧಿ ಕದ್ದು ತಂದು ನಾನು ದಿನಾ ಡ್ರೆಸ್ಸಿಂಗ್ ಮಾಡುತ್ತಿದ್ದೆ. ಗಾಯ ಒಮ್ಮೆ ಕೀವಾಯಿತು, ಒಮ್ಮೆ ವಾಸಿಯಾಗುತ್ತ ಬಂತು, ಮತ್ತೆ ಜ್ವರ ಏರಿತು. ಅವಳ ಹೆಸರು ಸೈನಿಕರ ಬಾಯಲ್ಲಿ ಬಂದಿದೆ ಎಂದು ಬೀದಿಯ ತುದಿಯ ಅಂಗಡಿಯವನು ಎಚ್ಚರಿಕೆ ಕೊಟ್ಟಿದ್ದ. ಸಿಕ್ಕಿಬಿದ್ದವರು ಏನಾಗುತ್ತಿದ್ದರು ಎಂಬುದು ನಮಗೆಲ್ಲ ಗೊತ್ತಿತ್ತು. ಕೆಲವರನ್ನು ಕೊಂದು ಅವರ ಮನೆಯ ಬಾಗಿಲಿಗೇ ತಂದು ಹಾಕಿ ಹೋಗುತ್ತಿದ್ದರು.

ನಮ್ಮ ಜನ ಬಸ್ಸು ಹಿಡಿದು ಬಸ್ರಾ, ಬಗ್ದಾದ್ ದಾಟಿ ಅಮ್ಮಾನಿಗೆ ಹೋಗಿ ಅಲ್ಲಿಂದ ವಿಮಾನದಲ್ಲಿ ಊರಿಗೆ ಮರಳುತ್ತಿದ್ದರು. ನಾನೂ ಹೋಗಬಹುದಿತ್ತು. ಹೋಗಲಿಲ್ಲ. ಇದರಲ್ಲಿ ತ್ಯಾಗ ಗೀಗ ಏನಿಲ್ಲ. ಅರ್ಧ ವಾಸಿಯಾದ ಗಾಯವನ್ನು ಬಿಟ್ಟು ಡ್ಯೂಟಿ ಮುಗಿಸಿ ಹೋಗುವ ಅಭ್ಯಾಸ ನನಗಿಲ್ಲ, ಅಷ್ಟೆ. ಅದಕ್ಕಿಂತ ಹೆಚ್ಚಾಗಿ, ಬಂದೂಕು ಹಿಡಿದು ಇನ್ನೊಬ್ಬರ ಅಡುಗೆಮನೆಗೆ ನುಗ್ಗಿದವರು ಹೋಗು ಎಂದ ಕೂಡಲೇ ಹೋಗುವುದು ನನಗೆ ಸರಿಬರಲಿಲ್ಲ.

ಆ ದಿನಗಳಲ್ಲಿ ಚೆಕ್‌ಪಾಯಿಂಟುಗಳಲ್ಲಿ ಚಿನ್ನ ಕಿತ್ತುಕೊಳ್ಳುತ್ತಿದ್ದರು. ನಮ್ಮ ಕ್ಲಿನಿಕ್ಕಿನ ಒಬ್ಬಳ ಸರವನ್ನು ಎಳೆದ ರಭಸಕ್ಕೆ ಕುತ್ತಿಗೆ ಕೊಯ್ದಿತ್ತು. ನಾನು ನನ್ನ ಕರಿಮಣಿ ಸರದಿಂದ ಚಿನ್ನದ ತಾಳಿ, ಗುಂಡು ಎಲ್ಲ ಬಿಚ್ಚಿ ಹಾಲುಪುಡಿಯ ಡಬ್ಬಿಯೊಳಗೆ ಹೂತುಬಿಟ್ಟೆ. ಕಪ್ಪು ಮಣಿಗಳನ್ನು ಮಾತ್ರ ಒಂದು ದಾರಕ್ಕೆ ಏರಿಸಿ ಹಾಕಿಕೊಂಡೆ. ಗಾಜಿನ ಮಣಿ ಯಾರಿಗೆ ಬೇಕು?

ಅದನ್ನು ನೋಡಿ ಜಲಜಕ್ಕ ಹೌಹಾರಿದರು. ತಾಳಿ ಇಲ್ಲದ ಸರ ಗಂಡನಿಗೆ ಕೇಡು ಎಂದು ಅವರ ಲೆಕ್ಕ. ತುಳುವಿನಲ್ಲಿ ಅವರು ಅಂದದ್ದನ್ನು ನಮ್ಮ ಕಡೆಯ ಕನ್ನಡಕ್ಕೆ ತಂದರೆ ಹೀಗಾಗುತ್ತದೆ: "ಎಂತ ಮಾರಾಯ್ತಿ ಇದು? ಗಂಡ ಊರಲ್ಲಿ ಗುಂಡುಕಲ್ಲಿನ ಹಾಗೆ ಇದ್ದಾರೆ, ನೀನಿಲ್ಲಿ ಬರೀ ಕರಿಮಣಿ ನೇಲಿಸಿಕೊಂಡು ತಿರುಗುವುದಾ?" ತಾಳಿ ತೆಗೆದರೆ ಆ ಜಾಗದಲ್ಲಿ ಅರಸಿನ ಕೊಂಬು ಕಟ್ಟುವುದು ನಮ್ಮಲ್ಲಿ ಪದ್ಧತಿ. ಆದರೆ ಲೂಟಿಯಾದ ಅಂಗಡಿಗಳಲ್ಲಿ ಅರಸಿನ ಪುಡಿಯೇ ಸಿಗುತ್ತಿರಲಿಲ್ಲ, ಕೊಂಬು ಎಲ್ಲಿಂದ ಬರಬೇಕು? ಜಲಜಕ್ಕ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತಡಕಿದರು. ಆಗ ಅಬ್ಲಾ ನಗ್ವಾ ಬಂದು, ಇದೇನು ಗದ್ದಲ ಎಂದು ಕೇಳಿದರು. ನಾನು ನನ್ನ ವಾರ್ಡಿನ ಅರಬ್ಬಿಯಲ್ಲಿ ವಿವರಿಸಿದೆ. ಅವರು ನಗಲಿಲ್ಲ. ತಮ್ಮ ಕೋಣೆಗೆ ಹೋಗಿ ಕರವಸ್ತ್ರದಲ್ಲಿ ಸುತ್ತಿದ ಒಂದು ಕಲ್ಲನ್ನು ತಂದರು.

ಕಡುಹಸಿರು ಕಲ್ಲು, ಸವೆದ ಸಾಬೂನಿನ ತುಂಡಿನಷ್ಟಿತ್ತು. ಬೆನ್ನು ಉಬ್ಬಿದ ಜೀರುಂಡೆಯ ಆಕಾರ, ಅಡಿಭಾಗ ಚಪ್ಪಟೆ, ಅಲ್ಲಿ ಸಣ್ಣ ಸಣ್ಣ ಹಕ್ಕಿ, ಕಣ್ಣು, ಅಲೆಗಳ ಸಾಲು ಕೊರೆದಿತ್ತು. ದಾರ ತೂರಿಸಲು ಒಂದು ತೂತು. ಅದು ಅವರ ಅಪ್ಪನ ಕಾಲದಿಂದ ಮನೆಯಲ್ಲಿತ್ತಂತೆ. ನಿಜವಾಗಿಯೂ ಹಳೆಯದೋ, ಲುಕ್ಸರಿನಲ್ಲಿ ಪ್ರವಾಸಿಗರಿಗೆ ಮಾರುವ ನಕಲಿಯೋ ಅವರಿಗೇ ಗೊತ್ತಿರಲಿಲ್ಲ. ಇತಿಹಾಸದ ಟೀಚರ್ ಆಗಿ ಇಷ್ಟು ವರ್ಷವಾದರೂ ಬಲ್ಲವರಿಗೆ ತೋರಿಸಿ ಕೇಳಿಲ್ಲ, ನಕಲಿ ಎಂದುಬಿಟ್ಟರೆ ಅಪ್ಪನಿಗೆ ಅವಮಾನ, ಅಸಲಿ ಎಂದರೆ ಸರ್ಕಾರ ಕಿತ್ತುಕೊಳ್ಳುತ್ತದೆ ಎಂದರು.

ಈ ವಿಷಯ ಎತ್ತಿದರೆ ಅಬ್ಲಾ ನಗ್ವಾಗೆ ಹೊತ್ತು ಹೋಗುವುದೇ ಗೊತ್ತಾಗುತ್ತಿರಲಿಲ್ಲ. ಶಾಲೆಯಲ್ಲಿ ಹುಡುಗಿಯರಿಂದ ಜೇಡಿಮಣ್ಣಿನ ಮಣಿ ಮಾಡಿಸಿ, ಎದೆಯಗಲದ ಹಾರಗಳನ್ನು ಪೋಣಿಸಲು ಕಲಿಸುತ್ತಿದ್ದವರು ಅವರು. ಹಳೆಯ ಈಜಿಪ್ಟಿನವರು ಬದುಕಿದ್ದಾಗ ಹಾಕುವ ಹಾರಕ್ಕೆ ಬೆನ್ನ ಕಡೆ ಭಾರ ಕಟ್ಟುತ್ತಿದ್ದರಂತೆ, ಮುಂದಕ್ಕೆ ಜಾರದಿರಲಿ ಎಂದು. ಸತ್ತವರಿಗೆಂದೇ ಮಾಡಿದ ಹಾರಗಳಲ್ಲಿ ಎಷ್ಟೋ ಸಲ ಕಟ್ಟುವ ಕೊಂಡಿಯೇ ಇರುತ್ತಿರಲಿಲ್ಲವಂತೆ, ಬಿಚ್ಚುವವರು ಯಾರು? ನಮ್ಮಲ್ಲಿ ಸೊಂಟಕ್ಕೊಂದು, ತೋಳಿಗೊಂದು ಇರುವ ಹಾಗೆ ಅವರಲ್ಲೂ ದೇಹದ ಒಂದೊಂದು ಜಾಗಕ್ಕೆ ಒಂದೊಂದು ರಕ್ಷೆ. ಕುತ್ತಿಗೆಗೆ ದೇವಿಯ ಕೆಂಪು ಗಂಟು, ಬೆನ್ನುಮೂಳೆ ಗಟ್ಟಿಯಾಗಿರಲು ಕಂಬದ ಆಕಾರದ್ದು, ಗಾಯ ಮಾಯಲು ದೇವರ ಕಣ್ಣು. ಎದೆಗೆ ಈ ಜೀರುಂಡೆ.

"ಉಳಿದವೆಲ್ಲ ಹೊರಗಿನ ಶತ್ರುಗಳಿಗೆ, ಹಬೀಬ್ತಿ," ಎಂದರು. "ಇದು ಒಳಗೆ ಕೂತಿರುವವನಿಗೆ."

ಸತ್ತ ಮೇಲೆ ದೇವತೆಗಳ ಎದುರು ವಿಚಾರಣೆ ನಡೆಯುತ್ತದೆ, ಸತ್ತವನ ಹೃದಯವನ್ನೇ ತಕ್ಕಡಿಯಲ್ಲಿಟ್ಟು ತೂಗುತ್ತಾರೆ ಎಂಬುದು ಆ ಹಳಬರ ನಂಬಿಕೆಯಾಗಿತ್ತಂತೆ. ನಾಲಿಗೆಯನ್ನು ಹಿಡಿತದಲ್ಲಿಡಬಹುದು, ಹೃದಯ ಎಲ್ಲವನ್ನೂ ಒದರಿಬಿಡಬಹುದು. ಅದಕ್ಕೇ ಹೆಣದ ಎದೆಯ ಮೇಲೆ ಈ ಕಲ್ಲು. ಅಡಿಯಲ್ಲಿ ಕೊರೆದದ್ದು ಸ್ವಂತ ಹೃದಯಕ್ಕೆ ಮಾಡಿಕೊಂಡ ಬಿನ್ನಹ, ನನ್ನ ವಿರುದ್ಧ ಸಾಕ್ಷಿ ಹೇಳಬೇಡ ಎಂದು. ಹೃದಯ ಎಂದರೆ ಒಂದು ಪಂಪು ಎಂದು ನಾನು ಅವರಿಗೆ ಹೇಳಿದೆ. ನಿನ್ನ ಪಂಪು ಸುಳ್ಳು ಹೇಳುವಾಗ ಯಾಕೆ ಜೋರಾಗಿ ಹೊಡೆದುಕೊಳ್ಳುತ್ತದೆ ಎಂದು ಅವರು ಕೇಳಿದರು.

ಆ ಪ್ರಶ್ನೆ ನನ್ನನ್ನು ಚುಚ್ಚಿತು. ಸುಳ್ಳು ಹೇಳಲು ನನಗೆ ಬರುವುದೇ ಇಲ್ಲ. ಬಾಯಿ ಹೇಗೋ ಹೇಳುತ್ತದೆ, ಆದರೆ ಎದೆ ಡವಡವ ಎಂದು ಕುತ್ತಿಗೆಯ ನರ ಕುಣಿಯತೊಡಗುತ್ತದೆ, ಕಿವಿ ಕೆಂಪಾಗುತ್ತದೆ. ನನ್ನ ಗಂಡ ಇದನ್ನೇ ಹಿಡಿದು ಎಷ್ಟೋ ಸಲ ಕಾಲೆಳೆದಿದ್ದಾರೆ. ಸೈನಿಕರು ಬಂದು ಬದ್ರಿಯಾ ಎಲ್ಲಿ ಎಂದು ಕೇಳಿದರೆ ನನ್ನ ಕುತ್ತಿಗೆಯೇ ಮಹಡಿಯ ಕಡೆ ಬೆರಳು ತೋರಿಸೀತು ಎಂಬ ಭಯ ನನಗೆ ಹಗಲಿರುಳೂ ಇತ್ತು.

ಹೆಣದ ಎದೆಯ ಮೇಲಿನ ಕಲ್ಲು ಎಂಬ ಮಾತನ್ನು ನಾನು ಜಲಜಕ್ಕನಿಗೆ ಅನುವಾದಿಸಲಿಲ್ಲ. ಹೇಳಿದ್ದರೆ ಅವರು ಅಲ್ಲೇ ಮೂರ್ಛೆ ಹೋಗುತ್ತಿದ್ದರು. ಒಳ್ಳೆಯದಂತೆ ಎಂದಷ್ಟೇ ಅಂದೆ. ಆದರೆ ಇನ್ನೊಂದು ತಕರಾರು ಎದ್ದಿತು. ಸರ ಪೋಣಿಸಲು ಅಬ್ಲಾ ನಗ್ವಾ ಸೂಜಿ ಎತ್ತಿಕೊಂಡಾಗ ಜಲಜಕ್ಕ ನನ್ನ ಮೊಣಕೈ ಹಿಡಿದು ಆಚೆಗೆ ಎಳೆದರು. ಗಂಡ ಇಲ್ಲದವರ ಕೈಯಲ್ಲಿ ಕರಿಮಣಿ ಪೋಣಿಸಿಕೊಳ್ಳುವುದುಂಟಾ ಎಂದು ಅವರ ಪ್ರಶ್ನೆ. ನನಗೆ ಸಿಟ್ಟು ನೆತ್ತಿಗೇರಿತು. ಬಂದೂಕಿನ ನಡುವೆ ನಮಗೆಲ್ಲ ರೊಟ್ಟಿ ಹುಡುಕಿ ತರುತ್ತಿದ್ದ ಹೆಂಗಸಿನ ಕೈಗೆ ಮೈಲಿಗೆಯೇ? ಅವರೇ ಪೋಣಿಸಲಿ, ಅವರೇ ಕಟ್ಟಲಿ ಎಂದು ಹಟ ಹಿಡಿದು ಕುತ್ತಿಗೆ ಬಾಗಿಸಿ ಕೂತೆ. ಅಬ್ಲಾ ನಗ್ವಾ ಗಟ್ಟಿ ದಾರದಲ್ಲಿ ಮಣಿಗೊಂದು ಗಂಟು ಹಾಕುತ್ತ, ನಡುವೆ ಹುಳವನ್ನು ಏರಿಸಿ, ತುದಿಗಳನ್ನು ನನ್ನ ಹಿಂಗತ್ತಿನಲ್ಲಿ ಬಿಗಿದು ಕಟ್ಟಿದರು. ತಮ್ಮ ಭಾಷೆಯಲ್ಲಿ ಏನೋ ಗೊಣಗಿದರು, ಏನೆಂದು ನಾನು ಕೇಳಲಿಲ್ಲ. ಮುಂದಿನ ವಾರ ಜಲಜಕ್ಕ ಗಂಡನೊಂದಿಗೆ ಬಸ್ಸು ಹತ್ತಿದರು, ಹೋಗುವಾಗಲೂ ನನ್ನ ಕುತ್ತಿಗೆ ನೋಡಿ ಕಣ್ಣೀರು ಹಾಕಿದರು.

ಅಕ್ಟೋಬರಿನ ಒಂದು ಮಧ್ಯಾಹ್ನ. ನಾನು ಕ್ಲಿನಿಕ್ಕಿನಿಂದ ಬಂದು, ಮೇಲೆ ಹೋಗಿ ಬದ್ರಿಯಾಳ ಡ್ರೆಸ್ಸಿಂಗ್ ಬದಲಿಸಿ, ಕೆಳಗೆ ಚಹಾ ಮಾಡಿಕೊಂಡು ಕೂತಿದ್ದೆ. ಬಾಗಿಲ ಹೊರಗೆ ಜೀಪು ನಿಂತಿತು. ಒಬ್ಬ ಅಧಿಕಾರಿ, ಇಬ್ಬರು ಸೈನಿಕರು. ಅಧಿಕಾರಿ ನಡುವಯಸ್ಸಿನವನು, ನಯವಾಗಿ ಸಲಾಂ ಹೇಳಿದ, ಕೂರಬಹುದೇ ಎಂದು ಕೇಳಿ ಕೂತ. ಸೈನಿಕರು ಮಹಡಿಯ ಮೆಟ್ಟಿಲ ಬುಡದಲ್ಲಿ ನಿಂತರು. ಬೈದು ಒದೆಯುವವರಿಗಿಂತ ಹೀಗೆ ನಯವಾಗಿ ಮಾತಾಡುವವರು ಅಪಾಯ ಎಂದು ಆಗಲೇ ನಮಗೆಲ್ಲ ಗೊತ್ತಾಗಿತ್ತು.

ಮನೆಯ ಯಜಮಾನಿ ಎಲ್ಲಿ ಎಂದು ಕೇಳಿದ. ಬೇಸಿಗೆಗೆ ಮುಂಚೆಯೇ ಮನೆಯವರ ಜೊತೆ ಹೋದಳು ಎಂದೆ. ನನ್ನ ಕಿವಿಯಲ್ಲಿ ರಕ್ತ ಹೊಡೆದುಕೊಳ್ಳುವ ಸದ್ದು ನನಗೇ ಕೇಳುತ್ತಿತ್ತು. ಆತ ನನ್ನ ಮುಖವನ್ನೇ ನೋಡುತ್ತಿದ್ದ. ಆಮೇಲೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ನನ್ನ ಮಣಿಕಟ್ಟನ್ನು ಹಿಡಿದ.

ನಾನು ಕೈ ಎಳೆದುಕೊಳ್ಳಲು ನೋಡಿದೆ. ಬಿಡಲಿಲ್ಲ. ನೀವು ನನ್ನ ಗಂಡನೂ ಅಲ್ಲ, ಡಾಕ್ಟರೂ ಅಲ್ಲ, ಕೈ ಬಿಡಿ ಎಂದೆ. ಸೈನಿಕರಲ್ಲೊಬ್ಬ ತಲೆ ತಗ್ಗಿಸಿದ. ಅಧಿಕಾರಿ ನಕ್ಕ. ತನ್ನ ಅಜ್ಜ ಊರಿಗೆ ಹೆಸರಾದ ಹಕೀಮನಾಗಿದ್ದನೆಂದೂ, ನಾಡಿ ಹಿಡಿಯುವುದನ್ನು ಅವನಿಂದಲೇ ಕಲಿತದ್ದೆಂದೂ, ಹೊಡೆಯದೆ ಬಡಿಯದೆ ಎಷ್ಟೋ ಜನರಿಂದ ಹೀಗೇ ನಿಜ ಹೊರಡಿಸಿದ್ದೇನೆಂದೂ ಹೇಳಿದ.

"ಸಿಸ್ಟರ್, ನಾಲಿಗೆ ನಿಮ್ಮದು," ಎಂದ. "ಇದು ನಿಮ್ಮದಲ್ಲ."

ಮೊದಲು ನನ್ನ ಊರು ಕೇಳಿದ, ಮಗಳ ಹೆಸರು ಕೇಳಿದ. ನಾನು ಉತ್ತರ ಕೊಟ್ಟೆ. ನನ್ನ ನಾಡಿ ಅವನ ಬೆರಳಿನ ಕೆಳಗೆ ಕುದುರೆಯ ಹಾಗೆ ಓಡುತ್ತಿತ್ತು, ಅವನಿಗೆ ಅದು ಇಷ್ಟವಾಗುತ್ತಿತ್ತು. ನಿಧಾನವಾಗಿ ತಲೆದೂಗುತ್ತಿದ್ದ. ಆಮೇಲೆ ಧ್ವನಿ ತಗ್ಗಿಸಿ, ಬದ್ರಿಯಾ ಈ ಮನೆಯಲ್ಲಿ ಇದ್ದಾಳೆಯೇ ಎಂದು ಕೇಳಿದ.

ಇನ್ನು ಮುಂದಿನದನ್ನು ನಡೆದ ಹಾಗೇ ಬರೆಯುತ್ತೇನೆ. ಆ ಪ್ರಶ್ನೆ ಕೇಳಿದ ಕ್ಷಣ ನನಗೆ ಭಯವಾಗಲಿಲ್ಲ, ಅಸಾಧ್ಯ ಸಿಟ್ಟು ಬಂತು. ಇದು ನಿಮ್ಮದಲ್ಲ ಎಂದನಲ್ಲ, ಆ ಮಾತಿಗೆ. ನನ್ನ ಮೈಯೊಳಗಿನದು ನನ್ನದಲ್ಲದೆ ಇವನಪ್ಪನದೇ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಅಷ್ಟರಲ್ಲಿ ಕಿವಿಯಲ್ಲಿ ಹೊಡೆದುಕೊಳ್ಳುತ್ತಿದ್ದ ಸದ್ದು ನಿಂತಿತು. ಮನೆಯಲ್ಲಿ ಫ್ರಿಜ್ಜಿನ ಮೊರೆತ ನಮ್ಮ ಗಮನಕ್ಕೆ ಬರುವುದು ಅದು ನಿಂತಾಗ. ಹಾಗೆ ನಿಂತಿತು. ತಲೆ ಸುತ್ತಲಿಲ್ಲ, ಕಣ್ಣಿಗೆ ಕತ್ತಲೆ ಕವಿಯಲಿಲ್ಲ. ಬೀದಿಯಲ್ಲಿ ಬೆಕ್ಕೊಂದು ಕೂಗಿದ್ದು ಕೂಡ ಸ್ಪಷ್ಟವಾಗಿ ಕೇಳಿತು.

ಇಲ್ಲ, ಅವಳು ಇಲ್ಲಿಲ್ಲ ಎಂದೆ. ಜೀವನದಲ್ಲಿ ಅಷ್ಟು ಸಮಾಧಾನವಾಗಿ ನಾನು ನಿಜವನ್ನೂ ಹೇಳಿಲ್ಲ.

ಅಧಿಕಾರಿ ಹುಬ್ಬು ಗಂಟಿಕ್ಕಿದ. ಬೆರಳು ಸ್ವಲ್ಪ ಸರಿಸಿ ಒತ್ತಿದ. ಮತ್ತೆ ಸರಿಸಿದ. ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದ, ನಾನು ಅದೇ ಉತ್ತರ ಕೊಟ್ಟೆ. ಇನ್ನೊಂದು ಕೈ ಕೊಡಿ ಎಂದ. ಕೊಟ್ಟೆ. ಈ ಸಲ ನಾನೇ ಕೊಟ್ಟೆ ಎನ್ನುವುದು ನನಗೆ ಚೆನ್ನಾಗಿ ನೆನಪಿದೆ. ಅವನ ಹಣೆಯಲ್ಲಿ ಬೆವರು ಮೂಡಿತು. ಮೇಜಿನ ಮೇಲೆ ನನ್ನ ಸ್ಟೆತಾಸ್ಕೋಪ್ ಬಿದ್ದಿತ್ತು. ಅದನ್ನೆತ್ತಿ ಕಿವಿಗೆ ಹಾಕಿಕೊಂಡು, ಸೆರಗಿನ ಮೇಲಿನಿಂದಲೇ ಎಡ ಎದೆಗೆ ಒತ್ತಿದ. ಕರಿಮಣಿಯ ಹುಳಕ್ಕೆ ಲೋಹ ತಾಗಿ ಟಿಕ್ ಎಂದಿತು. ಆತ ಕೇಳಿಸಿಕೊಳ್ಳುತ್ತ ನನ್ನ ಕಣ್ಣನ್ನು ನೋಡಿದ. ನಾನೂ ರೆಪ್ಪೆ ಬಡಿಯದೆ ನೋಡಿದೆ.

ಆ ಮುಖದ ಬಣ್ಣ ಇಳಿದದ್ದನ್ನು ನಾನು ಮರೆಯಲಾರೆ. ಸ್ಟೆತಾಸ್ಕೋಪನ್ನು ಕಿತ್ತು ಮೇಜಿನ ಮೇಲೆ ಎಸೆದ. ಸೈತಾನನಿಂದ ಕಾಪಾಡು ಎಂದು ದೇವರನ್ನು ಬೇಡುವ ಮಾತು ಅವನ ಬಾಯಿಂದ ಹೊರಟಿತು. ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಒಬ್ಬ ಸೈನಿಕ ಆಗಲೇ ಮೆಟ್ಟಿಲ ಮೇಲೆ ಕಾಲಿಟ್ಟಿದ್ದ. ಅಧಿಕಾರಿ ಅವನ ಕಡೆ ನೋಡದೆ, "ಯಲ್ಲಾ, ಯಲ್ಲಾ" ಎನ್ನುತ್ತ ಹೊರಗೆ ನಡೆದ. ಜೀಪು ಹೋಯಿತು.

ನಾನು ಕೂತಲ್ಲೇ ನನ್ನ ಮಣಿಕಟ್ಟನ್ನು ಹಿಡಿದು ನೋಡಿದೆ. ಏನೂ ಇಲ್ಲ. ಕುತ್ತಿಗೆಯ ಪಕ್ಕ ಬೆರಳಿಟ್ಟೆ. ಅಲ್ಲೂ ಇಲ್ಲ. ಆಗ ತಾನೇ ಹುಟ್ಟಿದ ಕೂಸಿನ ತೋಳಿನಲ್ಲಿ, ಕೊನೆಯುಸಿರು ಎಳೆಯುತ್ತಿರುವ ಮುದುಕರ ಕಾಲಿನಲ್ಲಿ ನಾಡಿ ಹುಡುಕಿ ಹಿಡಿದ ಬೆರಳುಗಳು ಇವು. ನಡುಗುತ್ತಲೂ ಇರಲಿಲ್ಲ. ಸ್ಟೆತಾಸ್ಕೋಪ್ ಹಾಕಿ ಕೇಳಿದೆ, ಬಾವಿಗೆ ಕಿವಿಗೊಟ್ಟ ಹಾಗಿತ್ತು. ಹಿತ್ತಿಲ ಕೋಣೆಯಿಂದ ಅಬ್ಲಾ ನಗ್ವಾ ಬಂದರು. ಎಲ್ಲವನ್ನೂ ಬಾಗಿಲ ಸಂದಿನಿಂದ ನೋಡಿದ್ದರು. ನಾನು ಹೇಳಿದ್ದು ಕೇಳಿ, ಮಂಡಿಯೂರಿ ಕೂತು ನನ್ನ ಎದೆಗೆ ಕಿವಿಯಿಟ್ಟರು. ಬಹಳ ಹೊತ್ತು ಇಟ್ಟರು. ತಲೆ ಎತ್ತಿದಾಗ ಆ ನಗುವ ಹೆಂಗಸಿನ ತುಟಿ ಬಿಳುಚಿತ್ತು. ಸರ ಬಿಚ್ಚಲು ಹೋದರು, ತಾವೇ ಬಿಗಿದ ಗಂಟು ಅವರ ಕೈಗೆ ಬಿಡಿಸಲು ಆಗಲಿಲ್ಲ. ನನ್ನ ಡ್ರೆಸ್ಸಿಂಗ್ ಕತ್ತರಿಯನ್ನೇ ತೆಗೆದು ದಾರ ಕತ್ತರಿಸಿದರು.

ಹುಳ ನೆಲಕ್ಕೆ ಬಿತ್ತು. ನನ್ನ ಎದೆಯೊಳಗೆ ಯಾರೋ ಒದ್ದ ಹಾಗಾಯಿತು, ಆಮೇಲೆ ಡವಡವ ಶುರುವಾಯಿತು. ಅದುವರೆಗೆ ಬಾರದಿದ್ದ ಭಯವೆಲ್ಲ ಒಟ್ಟಿಗೇ ಬಂದು ನಾನು ವಾಂತಿ ಮಾಡಿದೆ, ಮಗಳ ಹೆಸರು ಹಿಡಿದು ಅತ್ತೆ. ಎಷ್ಟು ಹೊತ್ತು ಹಾಗಿದ್ದೆನೋ ತಿಳಿಯದು. ಲೋಟದಲ್ಲಿ ಚಹಾ ಆರಿ ಕೆನೆ ಕಟ್ಟಿತ್ತು.

ಅಂದು ಸಂಜೆಯೇ ಬದ್ರಿಯಾಳಿಗೆ ಅಬ್ಲಾ ನಗ್ವಾರ ಬಟ್ಟೆ ಹಾಕಿ, ಮೇಲೆ ಅಬಾಯಾ ಹೊದಿಸಿ, ಹೆರಿಗೆ ನೋವಿನ ರೋಗಿ ಎಂದು ಹೇಳಿಕೊಂಡು ಅವಳ ಸಂಬಂಧಿಕರ ಮನೆಗೆ ಸಾಗಿಸಿದೆವು. ಮರುದಿನ ಬೇರೆ ಸೈನಿಕರು ಬಂದು ಮನೆಯನ್ನೆಲ್ಲ ಜಾಲಾಡಿದರು, ಟ್ಯಾಂಕಿನ ಕೋಣೆಯ ಹಾಸಿಗೆಯನ್ನು ಬಯೊನೆಟ್ಟಿನಿಂದ ಸೀಳಿದರು. ಆ ಅಧಿಕಾರಿ ಅವರ ಜೊತೆ ಇರಲಿಲ್ಲ. ಅದೇ ತಿಂಗಳು ನಾನೂ ಅಬ್ಲಾ ನಗ್ವಾರೂ ಒಂದೇ ಬಸ್ಸಿನಲ್ಲಿ ಹೊರಟೆವು. ಅಮ್ಮಾನಿನಲ್ಲಿ ಅವರು ತಮ್ಮ ಊರಿನ ದಾರಿ ಹಿಡಿದರು, ಹುಳ ಅವರ ಕರವಸ್ತ್ರದಲ್ಲೇ ಹೋಯಿತು. ಕೊಡಿ ಎಂದು ನಾನು ಕೇಳಲಿಲ್ಲ, ಇಟ್ಟುಕೋ ಎಂದು ಅವರೂ ಹೇಳಲಿಲ್ಲ. ನನ್ನ ಎದೆಗೆ ಕಿವಿಯಿಟ್ಟಾಗ ಏನು ಕೇಳಿಸಿತು ಎಂದು ಬಸ್ಸಿನಲ್ಲಿ ವಿಚಾರಿಸಿದ್ದೆ. ತಮ್ಮ ಒಂದು ಕಿವಿ ಚಿಕ್ಕಂದಿನಿಂದ ಮಂದ, ಗಾಬರಿಯಲ್ಲಿ ಯಾವ ಕಿವಿ ಇಟ್ಟೆನೋ ನೆನಪಿಲ್ಲ ಎಂದುಬಿಟ್ಟರು.

ಊರಿಗೆ ಬಂದ ಮೇಲೆ ಹೇಳಿಕೊಂಡೆ, ಆಮೇಲೆ ಯಾಕೆ ಹೇಳಿದೆನೋ ಅನಿಸಿತು. ಗಂಡ ನಕ್ಕರು. ಪರಿಚಯದ ಡಾಕ್ಟರೊಬ್ಬರು ಪ್ರೀತಿಯಿಂದಲೇ ವಿವರಿಸಿದರು: ಹೆದರಿಕೆಯಲ್ಲಿ ರಕ್ತನಾಳ ಕುಗ್ಗಿ ಮಣಿಕಟ್ಟಿನ ನಾಡಿ ಸಿಗದಿರಬಹುದು, ಎರಡು ಮುಖದ ಸ್ಟೆತಾಸ್ಕೋಪಿನ ತಲೆ ತಿರುಗಿದ್ದರೆ ಒಂದು ಮುಖ ಕಿವುಡು, ಏನೂ ಕೇಳುವುದಿಲ್ಲ. ಇದು ನರ್ಸಿಂಗ್ ಕಲಿಯುವ ಮೊದಲ ವರ್ಷದ ಹುಡುಗಿಗೂ ಗೊತ್ತು. ನನ್ನದರ ತಲೆ ಅಂದು ಯಾವ ಕಡೆ ತಿರುಗಿತ್ತೋ ನಾನು ನೋಡಲಿಲ್ಲ, ಒಪ್ಪುತ್ತೇನೆ. ಆದರೆ ನನ್ನ ಬೆರಳುಗಳಿಗೆ ಎರಡು ಮುಖ ಇಲ್ಲವಲ್ಲ? ಕುತ್ತಿಗೆಯಲ್ಲೂ ನಾಡಿ ಸಿಗದವರು ಕೂತು ಚಹಾ ಲೋಟ ನೋಡುತ್ತ ಇರುವುದಿಲ್ಲ ಎಂದು ಅವರಿಗೆ ಹೇಳಿದೆ. ಅವರು ಮಾತು ಬದಲಿಸಿದರು.

ಜಲಜಕ್ಕನದು ಇನ್ನೊಂದು ತುದಿ. ಈಗ ಅವರಿಗೆ ಹುಳದ ಪೂರ್ತಿ ಕತೆ ಹೇಳಿದ್ದೆ. ಹೆಣದ ಒಡವೆಯನ್ನು ತಾಳಿಯ ಜಾಗದಲ್ಲಿ, ಅದೂ ವಿಧವೆಯ ಕೈಯಿಂದ ಕಟ್ಟಿಸಿಕೊಂಡೆಯಲ್ಲ, ಅಷ್ಟು ಹೊತ್ತು ನೀನು ಸತ್ತೇ ಇದ್ದೆ, ಒಂದು ಶಾಂತಿ ಮಾಡಿಸು ಎಂದು ಮನೆಗೇ ಬಂದು ಕಾಡಿದರು. ಮಾಡಿಸಲಿಲ್ಲ. ಏನು ತಪ್ಪಾಗಿದೆ ಎಂದು ಶಾಂತಿ? ಒಬ್ಬ ಹೆಂಗಸಿನ ಜೀವ ಉಳಿದಿದೆ. ಅದನ್ನು ಉಳಿಸಿದ್ದು ದೋಷವಾದರೆ ಆ ದೋಷ ನನ್ನ ಹೆಸರಿನಲ್ಲೇ ಇರಲಿ ಎಂದೆ. ಇವತ್ತಿಗೂ ಅದನ್ನೇ ಹೇಳುತ್ತೇನೆ. ಡಾಕ್ಟರರಿಗೆ ಹೆದರಿ ಅದು ನಡೆದೇ ಇಲ್ಲ ಎನ್ನುವವಳಲ್ಲ, ಜೋಯಿಸರಿಗೆ ಹೆದರಿ ಪೂಜೆಗೆ ಕೂರುವವಳೂ ಅಲ್ಲ.

ಮರುವರ್ಷ ಯುದ್ಧ ಮುಗಿದು, ಎಣ್ಣೆ ಬಾವಿಗಳ ಬೆಂಕಿಯೂ ಹೆಚ್ಚುಕಡಿಮೆ ಆರಿದ ಮೇಲೆ ಕ್ಲಿನಿಕ್ಕಿನವರು ಮತ್ತೆ ಕರೆಸಿಕೊಂಡರು. ಒಂದು ದಿನ ಬಿ.ಪಿ. ನೋಡಿಸಿಕೊಳ್ಳುವವರ ಸಾಲಿನಲ್ಲಿ ಬದ್ರಿಯಾ ಕೂತಿದ್ದಳು. ತಬ್ಬಿಕೊಂಡು ಇಬ್ಬರೂ ಅತ್ತೆವು. ಭುಜ ಚೆನ್ನಾಗಿ ಮಾಯ್ದಿತ್ತು, ಕೈ ಎತ್ತಿ ತೋರಿಸಿದಳು. ಅಬ್ಲಾ ನಗ್ವಾರ ಸುದ್ದಿ ಉಂಟೇ ಎಂದು ಕೇಳಿದೆ. ಆ ಸಂಜೆಯ ನಂತರ ಒಂದು ಮಾತೂ ಇಲ್ಲ ಎಂದಳು. ಅಂದು ಕೆಳಗೆ ಏನಾಯಿತೆಂದು ನಾನು ಅವಳಿಗೆ ಹೇಳಿರಲಿಲ್ಲ. ಸೈನಿಕರು ಬಂದಿದ್ದರು, ಹೋದರು, ಈಗಲೇ ಹೊರಡಬೇಕು ಎಂದಷ್ಟೇ ಹೇಳಿ ಅವಸರದಲ್ಲಿ ಬಟ್ಟೆ ಹಾಕಿಸಿದ್ದೆವು.

ತೋಳಿಗೆ ಪಟ್ಟಿ ಸುತ್ತುತ್ತಿದ್ದಾಗ ಅವಳಾಗಿಯೇ ಮಾತು ತೆಗೆದಳು. ಯಾರಿಗೂ ಹೇಳಿಲ್ಲ, ನೀನು ಸಿಸ್ಟರ್ ಅಲ್ಲವೇ, ಕೇಳಿಬಿಡುತ್ತೇನೆ ಎಂದಳು. ಅಂದು ಜೀಪಿನ ಸದ್ದು ಕೇಳಿ ಎದೆಯ ಮೇಲೆ ಕೈ ಒತ್ತಿಕೊಂಡು ಕತ್ತಲಲ್ಲಿ ಮಲಗಿದ್ದಳಂತೆ. ಸ್ವಲ್ಪ ಹೊತ್ತಿಗೆ ಅಂಗೈ ಕೆಳಗೆ ಎರಡು ಹೃದಯ ಬಡಿಯತೊಡಗಿದವಂತೆ. ಒಂದು ತನ್ನದು, ಕಿತ್ತುಕೊಂಡು ಓಡುತ್ತಿತ್ತು. ಇನ್ನೊಂದು ಅದರ ಪಕ್ಕದಲ್ಲೇ, ಬೇರೆ ತಾಳದಲ್ಲಿ, ನಿಧಾನವಾಗಿ, ಗಟ್ಟಿಯಾಗಿ. ಜೀಪು ಹೋದ ಮೇಲೂ ಇತ್ತು, ಆಮೇಲೆ ಇದ್ದಕ್ಕಿದ್ದಂತೆ ಇಲ್ಲವಾಯಿತು. ಇದು ಏನಾದರೂ ಕಾಯಿಲೆಯೇ ಎಂದು ಕೇಳಿದಳು.

ಗಾಬರಿಯಲ್ಲಿ ಹೃದಯ ನಡುನಡುವೆ ಹೆಚ್ಚಿನ ಏಟು ಹಾಕುವುದುಂಟು, ಎರಡಿದ್ದ ಹಾಗೆ ಅನಿಸಬಹುದು. ಆ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅದರ ಬದಲು, ಯಾಕೆ ಕೇಳಿದೆನೋ, ಆ ಎರಡನೆಯದು ಹೆದರಿತ್ತೇ ಎಂದು ಕೇಳಿದೆ.

ಬದ್ರಿಯಾ ಇನ್ನೊಂದು ಕೈಯನ್ನು ಎದೆಯ ಮೇಲಿಟ್ಟುಕೊಂಡಳು.

"ಇಲ್ಲ," ಎಂದಳು. "ಅದಕ್ಕೆ ಸಿಟ್ಟು ಬಂದಿತ್ತು."

ನಾನು ಪಟ್ಟಿ ಬಿಚ್ಚಿ, ಬಿ.ಪಿ. ಸರಿಯಾಗಿದೆ ಎಂದೆ.